ಓರ್ಕಾ ಫೋಟೊ ಗೋಡೆಗೇರಬೇಕಾದರೆ...

ಫೋನಿನಲ್ಲಿ ಭರ್ಜರಿಯಾಗಿ ಕಾಣುವ ಓರ್ಕಾ (ಕಪ್ಪು-ಬಿಳುಪು ಮೈಯ ಕಡಲ ಪ್ರಾಣಿ, ಕಿಲ್ಲರ್ ವೇಲ್) ಫೋಟೊ ಗೋಡೆಯ ಮೇಲೆ ಸಪ್ಪೆ ಎನಿಸಬಹುದು. ಚೌಕಟ್ಟಿನ ತುಂಬ ಪ್ರಾಣಿಯೇ ಇದ್ದರೆ ಎರಡು ದಿನಕ್ಕೆ ಕಣ್ಣಿಗೆ ಸಾಕಾಗುತ್ತದೆ. ವಿಶಾಲ ಕಡಲು, ಹಿಂದೆ ಗುಡ್ಡ, ನಡುವೆ ಎದ್ದು ನಿಂತ ಬೆನ್ನಿನ ರೆಕ್ಕೆ ಇದ್ದರೆ ಜನ ಮತ್ತೆ ಮತ್ತೆ ನೋಡುತ್ತಾರೆ. ಗಂಡು ಓರ್ಕಾದ ಆ ರೆಕ್ಕೆ ಆರಡಿವರೆಗೂ ಬೆಳೆಯುತ್ತದೆ, ದೂರದಿಂದಲೂ ಕಾಣುತ್ತದೆ.

ಜಾಗ: ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಯಾನ್ ವಾನ್ ದ್ವೀಪದಿಂದ ಶುರು ಮಾಡಿ. ಸಿಯಾಟಲ್ ಕಡೆಯ ಕನ್ನಡಿಗರಿಗೆ ಇದು ವಾರಾಂತ್ಯದ ದಾರಿ. ಅನಕಾರ್ಟಿಸ್‌ನಲ್ಲಿ ಫೆರಿ ಹತ್ತಿ, ಫ್ರೈಡೇ ಹಾರ್ಬರ್‌ನಲ್ಲಿ ಇಳಿದು, ಪಡುವಣ ದಡದ ಲೈಮ್ ಕಿಲ್ನ್ ಪಾಯಿಂಟ್ ಪಾರ್ಕಿಗೆ ಹೋಗಿ. ಬಂಡೆಯ ಮೇಲೆ ಕೂತೇ ಫೋಟೊ ತೆಗೆಯಬಹುದು. ಬಂದೇ ಬರುತ್ತವೆ ಅಂತ ಗ್ಯಾರಂಟಿ ಮಾತ್ರ ಇಲ್ಲ! ದೋಣಿಯಲ್ಲಿ ಹೋಗುವವರು ಈ ಭಾಗದ 'ಸದರ್ನ್ ರೆಸಿಡೆಂಟ್' ಎಂಬ ಗುಂಪಿನ ಓರ್ಕಾಗಳಿಂದ ಸಾವಿರ ಗಜ ದೂರ ಇರಬೇಕು. ಇದು 2025ರಿಂದ ಜಾರಿಯಲ್ಲಿರುವ ಕಾನೂನು. ಈ ಗುಂಪಿನಲ್ಲಿ ಉಳಿದಿರುವುದು 80ಕ್ಕೂ ಕಡಿಮೆ. ಇವು ಸಾಲ್ಮನ್ ಮೀನನ್ನು ತಾವು ಹೊರಡಿಸುವ ಸದ್ದಿನ ಪ್ರತಿಧ್ವನಿಯಿಂದಲೇ ಹುಡುಕುತ್ತವೆ, ದೋಣಿಯ ಗದ್ದಲದಲ್ಲಿ ಆ ಸದ್ದು ಅಡಗಿಹೋಗುತ್ತದೆ.

ಕ್ಯಾಮೆರಾ: 100-400 ಎಂಎಂ ಲೆನ್ಸ್, ಶಟರ್ 1/1600 ಸೆಕೆಂಡ್ ಅಥವಾ ಇನ್ನೂ ವೇಗ, ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಫೈಲ್). ಕಪ್ಪು ಮೈ ನೋಡಿ ಕ್ಯಾಮೆರಾ ಬೆಳಕು ಜಾಸ್ತಿ ಮಾಡಿಬಿಡುತ್ತದೆ, ಕಣ್ಣಿನ ಮೇಲಿನ ಬಿಳಿ ಮಚ್ಚೆ ಸುಟ್ಟುಹೋಗುತ್ತದೆ. ಆಗ ಎಕ್ಸ್‌ಪೋಶರ್ ಅರ್ಧ, ಮುಕ್ಕಾಲು ಸ್ಟಾಪ್ (ಬೆಳಕಿನ ಅಳತೆ) ಇಳಿಸಿ. ಸಂಜೆಯ ಎದುರು ಬಿಸಿಲು ಬಿಡಬೇಡಿ. ಓರ್ಕಾ ಉಸಿರು ಬಿಟ್ಟಾಗ ಚಿಮ್ಮುವ ಹನಿಗಳು ಆಚೆ ದಡದ ಕಪ್ಪು ಗುಡ್ಡಗಳ ಮುಂದೆ ಬಂಗಾರದ ಬಣ್ಣಕ್ಕೆ ತಿರುಗುತ್ತವೆ. ನನ್ನ ಕೇಳಿದರೆ, ನೆಗೆತದ ಫೋಟೊಗಿಂತ ಇದೇ ಮೇಲು.

ತಿದ್ದುವಾಗ: ರೆಕ್ಕೆಯ ಕಚ್ಚು, ಗೀರು ಅಳಿಸಬೇಡಿ. ಅವುಗಳಿಂದ ಮತ್ತು ರೆಕ್ಕೆಯ ಹಿಂದಿನ ಬೂದು ಮಚ್ಚೆಯಿಂದ ಒಂದೊಂದು ಓರ್ಕಾವನ್ನೂ ಗುರುತಿಸಬಹುದು ಎಂದು 1970ರ ದಶಕದಲ್ಲಿ ಕೆನಡಾದ ಮೈಕೆಲ್ ಬಿಗ್ ತೋರಿಸಿಕೊಟ್ಟರು. ಕೊಳ್ಳುವವರು 'ಇದು ಯಾವುದು?' ಎಂದು ಕೇಳುತ್ತಾರೆ. ಗುರುತಿಸಿದ ಓರ್ಕಾಗಳ ಫೋಟೊ ಪಟ್ಟಿಯಲ್ಲಿ ಹೋಲಿಸಿ ನೋಡಿ, ಖಚಿತವಾದರೆ ಮಾತ್ರ ಅದರ ಗುರುತಿನ ಸಂಖ್ಯೆ ಬರೆಯಿರಿ.

ಪ್ರಿಂಟ್: 24 ಮೆಗಾಪಿಕ್ಸೆಲ್ ಫೋಟೊವನ್ನು ಕತ್ತರಿಸದೆ 36 ಇಂಚು ಅಗಲಕ್ಕೆ ಮುದ್ರಿಸಿದರೆ ಇಂಚಿಗೆ ಸುಮಾರು 166 ಪಿಕ್ಸೆಲ್ ಸಿಗುತ್ತದೆ. ಐದಾರು ಅಡಿ ದೂರದಿಂದ ನೋಡಲು ಧಾರಾಳ ಸಾಕು. ಅದೇ ಫೋಟೊದ ಅರ್ಧ ಅಗಲ ಕತ್ತರಿಸಿ ಅದೇ 36 ಇಂಚಿಗೆ ಮುದ್ರಿಸಿದರೆ ಉಳಿಯುವುದು 83. ಗರಿಗಳಂತಿದ್ದ ಹನಿಗಳು ಚೌಕಳಿಯಾಗುತ್ತವೆ. ಕ್ಯಾನ್ವಾಸ್ ಆದರೆ ಅಂಚು ಚೌಕಟ್ಟಿನ ಪಕ್ಕಕ್ಕೆ ಮಡಚಿಕೊಳ್ಳುತ್ತದೆ. ಸುತ್ತಲೂ ಎರಡು ಇಂಚು ಬರೀ ನೀರು ಬಿಡಿ, ಇಲ್ಲದಿದ್ದರೆ ಬಾಲ ಮೂಲೆಯಲ್ಲಿ ಮುರಿದಂತೆ ಕಾಣುತ್ತದೆ. ಮ್ಯಾಟ್ ಕ್ಯಾನ್ವಾಸಿನಲ್ಲಿ ಕಪ್ಪು ತುಸು ಬೂದಾಗುತ್ತದೆ. ಹೊಳಪಿನ ಮೆಟಲ್ ಪ್ರಿಂಟಿನಲ್ಲಿ ಗಾಢವಾಗಿರುತ್ತದೆ, ಆದರೆ ಎದುರಿಗೆ ಕಿಟಕಿ ಇದ್ದರೆ ಅದೇ ಕನ್ನಡಿ! ದೊಡ್ಡದನ್ನು ಹಾಕಿಸುವ ಮೊದಲು ಕಣ್ಣು-ರೆಕ್ಕೆಯ ಭಾಗವನ್ನಷ್ಟೇ ಪೂರ್ಣ ಅಳತೆಯಲ್ಲಿ ಎ4 ಹಾಳೆಗೆ ತೆಗೆಸಿ ನೋಡಿ.

ಮಾರಾಟ: ಒಂದು ಫೋಟೊದ 25 ಪ್ರತಿ ಮಾತ್ರ ಮಾರುತ್ತೇನೆ ಎಂದರೆ 25ಕ್ಕೇ ನಿಲ್ಲಿಸಿ, ಸಹಿ ಹಾಕಿ. ಹಕ್ಕುಸ್ವಾಮ್ಯ ನಿಮ್ಮದೇ ಎಂದು ಚೀಟಿಯಲ್ಲಿ ಬರೆದುಕೊಡಿ. ದೂರದೂರಿಗೆ ಫ್ರೇಮ್ ಸಮೇತ ಕಳಿಸುವ ಉಸಾಬರಿ ಬೇಡ. ಕಾಗದದ ಪ್ರಿಂಟನ್ನು ಸುತ್ತಿ ಗಟ್ಟಿ ಕೊಳವೆಯಲ್ಲಿ ಕಳಿಸಿ, ಫ್ರೇಮ್ ಅವರೂರಲ್ಲೇ ಹಾಕಿಸಿಕೊಳ್ಳಲಿ.