ಮಸ್ಟ್ಯಾಂಗ್ ಜಿಟಿಯ ಹಿಂಬದಿಗೆ ಯಾವ ಟೈರ್ ಹಾಕಬೇಕು?

5 ಲೀಟರಿನ ವಿ8 ಎಂಜಿನ್, 435 ಕುದುರೆಶಕ್ತಿ, ಅಷ್ಟೂ ಹಿಂದಿನ ಎರಡೇ ಚಕ್ರಕ್ಕೆ. ಅಮೆರಿಕದಲ್ಲಿ 2015ರಿಂದ 2017ರವರೆಗೆ ಮಾರಿದ ಫೋರ್ಡ್ ಮಸ್ಟ್ಯಾಂಗ್ ಜಿಟಿ ಹಳೆಯ ಟೈರಿನ ಮೇಲಿದ್ದರೆ ಎರಡನೇ ಗೇರಿನಲ್ಲೂ ಬಾಲ ಅಲ್ಲಾಡಿಸುತ್ತದೆ. ಅದಕ್ಕೇ ಮಾಲೀಕರು ಎಲ್ಲಕ್ಕಿಂತ ಮೊದಲು ಹಿಂದಿನ ಟೈರ್ ಬದಲಿಸಲು ಹೊರಡುತ್ತಾರೆ. ಎಡವುವುದೂ ಅಲ್ಲೇ. ಒಣ ರಸ್ತೆಯಲ್ಲಿ ಸಿಗ್ನಲ್ ಹಸಿರಾದಾಗ ಎಷ್ಟು ಗ್ರಿಪ್ ಅಂತಷ್ಟೇ ನೋಡುತ್ತಾರೆ. ನೀವು ನೋಡಬೇಕಾದ್ದು ಆ ಕಾರನ್ನು ಹೊರಗೆ ತೆಗೆಯುವ ದಿನಗಳಲ್ಲಿ ಅತಿ ಜೋರು ಮಳೆ ಬರುವ ದಿನವನ್ನು.

ಮೊದಲು ಈಗಿರುವ ಟೈರನ್ನೇ ಕೈಯಾಡಿಸಿ ಪರೀಕ್ಷಿಸಿ. ಅಂಗೈಯನ್ನು ಬಟನ್ (ನೆಲಕ್ಕೆ ತಾಗುವ, ಗೀರುಗಳಿರುವ ರಬ್ಬರ್) ಮೇಲೆ ಅಡ್ಡಡ್ಡ ಎಳೆಯಿರಿ, ಹೊರಗಿನಿಂದ ಒಳಕ್ಕೆ, ಮತ್ತೆ ಒಳಗಿನಿಂದ ಹೊರಕ್ಕೆ. ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಗರಗಸದಂತೆ ತಗುಲಿದರೆ ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ, ತಪ್ಪಿದೆ. ಒಳಅಂಚು ಮಾತ್ರ ಸವೆದು ಹೊರಗೆ ಬಟನ್ ಉಳಿದಿದ್ದರೆ ಕ್ಯಾಂಬರ್ (ಚಕ್ರದ ತಲೆ ಒಳಕ್ಕೆ ವಾಲಿರುವುದು) ಹೆಚ್ಚಾಗಿರಬಹುದು, ಟೋ ಕೂಡ ಜೊತೆಗಿರಬಹುದು. ನಡುಭಾಗ ಬೋಳಾಗಿದ್ದರೆ ಗಾಳಿ ಜಾಸ್ತಿ. ಇದನ್ನು ಸರಿಪಡಿಸದೆ ದುಬಾರಿ ಟೈರ್ ಹಾಕಿದರೆ ಅದೂ ಹೀಗೇ ಸವೆಯುತ್ತದೆ, ಇನ್ನೂ ಬೇಗ, ಏಕೆಂದರೆ ಅದರ ರಬ್ಬರ್ ಮೆದು.

ಇನ್ನು ರಬ್ಬರಿನ ವಿಷಯ. ಅಮೆರಿಕದಲ್ಲಿ ಮಾರುವ ಟೈರಿನ ಸೈಡ್‌ವಾಲ್ (ಪಕ್ಕದ ಗೋಡೆ) ಮೇಲೆ ಟ್ರೆಡ್‌ವೇರ್ ಎಂಬ ಅಂಕಿ ಇರುತ್ತದೆ. ಅಂಕಿ ಇಳಿದಷ್ಟೂ ರಬ್ಬರ್ ಸಾಮಾನ್ಯವಾಗಿ ಮೆದು, ಆಯಸ್ಸು ಕಡಿಮೆ. ಮಿಶೆಲಿನ್ ಪೈಲಟ್ ಸ್ಪೋರ್ಟ್ 4ಎಸ್ 300, ಬ್ರಿಡ್ಜ್‌ಸ್ಟೋನ್ ಪೊಟೆನ್ಝಾ ಆರ್‌ಇ-71ಆರ್‌ಎಸ್ 200, ಟೊಯೊ ಆರ್888ಆರ್ 100. ಈ ಅಂಕಿಯನ್ನು ಕೊಡುವುದು ಆಯಾ ಕಂಪನಿಯೇ. ಹಾಗಾಗಿ ಒಂದೇ ಕಂಪನಿಯ ಎರಡು ಟೈರ್ ಹೋಲಿಸಲು ಇದು ಒಳ್ಳೆಯದು, ಬೇರೆ ಬೇರೆ ಕಂಪನಿಗಳ ನಡುವೆ ಬರೀ ಅಂದಾಜು. ಪಕ್ಕದಲ್ಲಿರುವ ಟ್ರ್ಯಾಕ್ಷನ್ ದರ್ಜೆ ‘ಎಎ’ ಎಂದಿದ್ದರೆ ತಿರುವಿನಲ್ಲೂ ಗ್ರಿಪ್ ಎಂದು ಓದಿಕೊಳ್ಳಬೇಡಿ. ಅದು ಒದ್ದೆ ನೆಲದಲ್ಲಿ ನೇರವಾಗಿ ಬ್ರೇಕ್ ಹಾಕಿದಾಗಿನ ಅಳತೆ ಮಾತ್ರ.

ದಿನಾ ಓಡಿಸುವ ಕಾರಾದರೆ 300ರ ಆಸುಪಾಸಿನ ಸಮ್ಮರ್ ಟೈರೇ ಸಾಕು, ಅದೂ ನಾಲ್ಕಕ್ಕೂ. ಮಳೆ ಕಂಡರೆ ಕಾರು ಶೆಡ್ಡಿನಿಂದ ಹೊರಡುವುದಿಲ್ಲ ಎನ್ನುವವರು 200ಕ್ಕೆ ಇಳಿಯಬಹುದು. ಡ್ರ್ಯಾಗ್ ರೇಡಿಯಲ್ (ನೇರ ಓಟದ ಸ್ಪರ್ಧೆಗೆ ಮಾಡಿದ ಅಂಟಿನಂಥ ಟೈರ್) ಬೇಕೇ ಬೇಕು ಎಂದರೆ ಬೇರೆ ಜೋಡಿ ರಿಮ್ಮಿಗೆ ಹಾಕಿಟ್ಟು, ಆ ಸ್ಪರ್ಧೆಯ ಸ್ಟ್ರಿಪ್ಪಿಗೆ ಹೋದಾಗ ಮಾತ್ರ ಬದಲಿಸಿಕೊಳ್ಳಿ. ಅದರ ಬಟನ್ ಹೊಸದರಲ್ಲೇ ತೆಳು, ನೀರು ಹೊರಹಾಕುವ ಗೀರು ಕಡಿಮೆ. ನಿಂತ ನೀರಿನ ಮೇಲೆ ಹೋದರೆ ಟೈರ್ ನೆಲ ಬಿಟ್ಟು ನೀರಿನ ಮೇಲೆ ತೇಲುತ್ತದೆ. ಸೈಡ್‌ವಾಲ್ ಕೂಡ ಮೆದುವಾದ್ದರಿಂದ ಹೆದ್ದಾರಿಯಲ್ಲಿ ಲೇನ್ ಬದಲಿಸುವಾಗ ಹಿಂಬದಿ ಒಂದು ಕ್ಷಣ ತಡವಾಗಿ ಬಂದ ಹಾಗಾಗುತ್ತದೆ.

ಚಳಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಸಮ್ಮರ್ ಟೈರಿನ ರಬ್ಬರ್ ಗಟ್ಟಿಯಾಗಿ ಗ್ರಿಪ್ ಹೋಗುತ್ತದೆ. ಶೂನ್ಯಕ್ಕಿಂತ ಸಾಕಷ್ಟು ಕೆಳಗಿಳಿದಾಗ ಕಾರನ್ನು ಸುಮ್ಮನೆ ಸರಿಸಿದರೂ ಬಟನ್ ಬಿರುಕು ಬಿಡಬಹುದು. ಮಿಶಿಗನ್‌ನಲ್ಲಿರುವವರಿಗೆ ಚಳಿಗಾಲಕ್ಕೆ ಇನ್ನೊಂದು ಸೆಟ್ ಅನಿವಾರ್ಯ. ಬೆಂಗಳೂರಿನಲ್ಲಿ ಈ ತಲೆನೋವಿಲ್ಲ: ಅಲ್ಲಿನ ದಾಖಲೆ ಚಳಿಯೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಅಲ್ಲಿ ಕಾಡುವುದು ಮಳೆಯೇ.

ಅಳತೆಯಲ್ಲಿ ದುರಾಸೆ ಬೇಡ. ಪರ್ಫಾರ್ಮೆನ್ಸ್ ಪ್ಯಾಕ್ ಇರುವ ಜಿಟಿಗೆ ಮುಂದೆ 255/40 ಆರ್19 (ಅಗಲ 255 ಮಿಲಿಮೀಟರ್, ಸೈಡ್‌ವಾಲ್ ಎತ್ತರ ಅದರ ಶೇ. 40, ರಿಮ್ 19 ಇಂಚು), ಹಿಂದೆ 275/40 ಆರ್19, ಹಿಂದಿನ ರಿಮ್ ಅಗಲ 9.5 ಇಂಚು. ಇದೇ ರಿಮ್ಮಿಗೆ 305 ತುರುಕುವವರಿದ್ದಾರೆ. ಹಾಗೆ ಮಾಡಿದರೆ ಸೈಡ್‌ವಾಲ್‌ಗಳು ಒಳಕ್ಕೆ ಸೆಳೆದುಕೊಂಡು ನಡುಭಾಗ ಉಬ್ಬುತ್ತದೆ. ದುಡ್ಡು ಕೊಟ್ಟು ಪಡೆದ ಹೆಚ್ಚಿನ ಅಗಲದ ಅಂಚುಗಳು ನೆಲವನ್ನು ಸರಿಯಾಗಿ ಒತ್ತುವುದೇ ಇಲ್ಲ. ಮಸ್ಟ್ಯಾಂಗಿನದೇ ಇನ್ನೂ ಬಿರುಸಿನ ಮಾದರಿಯಾದ ಶೆಲ್ಬಿ ಜಿಟಿ350ಗೆ 305/35 ಆರ್19 ಕೊಡುವಾಗ ಫೋರ್ಡೇ ರಿಮ್ಮನ್ನು 11 ಇಂಚಿಗೆ ಹಿಗ್ಗಿಸಿತು. ನಿಮಗೂ 305 ಬೇಕಾದರೆ ರಿಮ್ ಮೊದಲು, ಟೈರ್ ಆಮೇಲೆ. ಆಫ್‌ಸೆಟ್ (ರಿಮ್ಮಿನ ನಡುಗೆರೆಯಿಂದ ಅದು ಹಬ್ಬಿಗೆ ಕೂರುವ ಮುಖಕ್ಕಿರುವ ದೂರ) ಬದಲಾಗದೆ ರಿಮ್ 1.5 ಇಂಚು ಅಗಲವಾದರೆ ಒಳಕ್ಕೂ ಹೊರಕ್ಕೂ 19 ಮಿಲಿಮೀಟರ್ ಚಾಚುತ್ತದೆ. ಒಳಗೆ ಸಸ್ಪೆನ್ಷನ್, ಹೊರಗೆ ಫೆಂಡರ್ ಎರಡನ್ನೂ ಅಳೆಯದೆ ಆರ್ಡರ್ ಮಾಡಬೇಡಿ.

ವ್ಯಾಸದ ಲೆಕ್ಕ ಸುಲಭ. ಅಗಲವನ್ನು ಶೇಕಡಾವಾರಿಗೆ ಗುಣಿಸಿ, ಎರಡರಷ್ಟು ಮಾಡಿ, 19 ಇಂಚು ಎಂದರೆ 482.6 ಮಿಲಿಮೀಟರ್ ಸೇರಿಸಿ. 275/40ಕ್ಕೆ 702.6 ಬರುತ್ತದೆ, 305/35ಕ್ಕೆ 696.1. ವ್ಯತ್ಯಾಸ ಶೇ. 1ಕ್ಕಿಂತ ಕಡಿಮೆ, ತೊಂದರೆಯಿಲ್ಲ. 285/35 ಹಾಕಿದರೆ 682.1, ಸುಮಾರು ಶೇ. 3 ಚಿಕ್ಕದು: ಸ್ಪೀಡೋಮೀಟರ್ ಹೆಚ್ಚು ತೋರಿಸುತ್ತದೆ, ಕಾರು ನೆಲಕ್ಕೆ 10 ಮಿಲಿಮೀಟರ್ ಹತ್ತಿರವಾಗುತ್ತದೆ. ಲೋಡ್ ಇಂಡೆಕ್ಸ್ ಮೂಲ ಟೈರಿಗಿಂತ ಕಡಿಮೆಯಾಗಬಾರದು. 101 ಎಂದರೆ ಒಂದು ಟೈರ್ 825 ಕಿಲೋ ಹೊರುತ್ತದೆ.

ಹಿಂದೆ ಅಂಟಿನಂಥ ಟೈರ್, ಮುಂದೆ ಹಳೆಯ ಆಲ್-ಸೀಸನ್ ಎಂಬ ಜೋಡಿಯನ್ನು ಮಾತ್ರ ಒಪ್ಪಲಾಗದು. ತಿರುವಿನಲ್ಲಿ ಮೂತಿ ಮೊದಲು ಜಾರುತ್ತದೆ. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ಬೀಳುವುದರಿಂದ ಕಾರು ನಿಲ್ಲಿಸುವ ಕೆಲಸದಲ್ಲಿ ದೊಡ್ಡ ಪಾಲು ಆ ಹಳೆಯ ಟೈರುಗಳದ್ದೇ. ಹಿಂದಿನ ಎರಡು ಟೈರ್ ಒಂದೇ ಮಾದರಿ, ಒಂದೇ ಸವೆತದ್ದಾಗಿರಲಿ. ವ್ಯಾಸ ಬೇರೆಯಾದರೆ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್‌ನ (ಹಿಂದಿನ ಎರಡು ಚಕ್ರಕ್ಕೆ ಶಕ್ತಿ ಹಂಚುವ ಭಾಗದ) ಕ್ಲಚ್ ಪ್ಲೇಟುಗಳು ನೇರ ರಸ್ತೆಯಲ್ಲೂ ಉಜ್ಜಿ ಸವೆಯುತ್ತವೆ.

ಅಂಗಡಿಯಲ್ಲಿ ಟೈರಿನ ಸೈಡ್‌ವಾಲ್ ಮೇಲೆ ‘DOT’ ಅಕ್ಷರಗಳ ಜೊತೆಗಿರುವ ಡಾಟ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ನೋಡಿ. 2324 ಎಂದರೆ 2024ರ 23ನೇ ವಾರ ತಯಾರಾದದ್ದು. ಆ ಅಂಕಿ ಟೈರಿನ ಒಂದೇ ಬದಿಗೆ ಇರುವುದುಂಟು, ರಿಮ್ಮಿಗೆ ಏರಿಸುವ ಮುಂಚೆಯೇ ತಿರುಗಿಸಿ ನೋಡಿಬಿಡಿ.

ಹಾಕಿದ ಮೇಲೆ ಗಾಳಿಯನ್ನು ಚಾಲಕನ ಬಾಗಿಲ ಕಂಬದ ಸ್ಟಿಕ್ಕರಿನಂತೆ, ಟೈರ್ ತಣ್ಣಗಿರುವಾಗ ತುಂಬಿಸಿ. ಹವೆ 5–6 ಡಿಗ್ರಿ ತಣ್ಣಗಾದರೆ ಸುಮಾರು 1 ಪಿಎಸ್‌ಐ ಇಳಿಯುತ್ತದೆ. ಹೊಸ ಟೈರಿನ ಮೇಲೆ ಅಚ್ಚಿನಿಂದ ಬಿಡಿಸಲು ಹಚ್ಚಿದ ಜಾರುಪದಾರ್ಥ ಇನ್ನೂ ಇರುತ್ತದೆ, ಮೊದಲ 300 ಕಿಲೋಮೀಟರ್ ಕಾಲು ಹಗುರವಾಗಿರಲಿ. ನಟ್ಟುಗಳನ್ನು ಟಾರ್ಕ್ ರೆಂಚಿನಿಂದ ನಕ್ಷತ್ರದಾಕಾರದಲ್ಲಿ, ಈ ಕಾರಿಗೆ 204 ನ್ಯೂಟನ್ ಮೀಟರ್‌ಗೆ ಬಿಗಿ ಮಾಡಿಸಿ. ಸುಮಾರು 150 ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ನೋಡಿ. ಬಟನ್ 3 ಮಿಲಿಮೀಟರಿಗೆ ಇಳಿದಾಗ, ಕಾನೂನಿನ 1.6ಕ್ಕೆ ಕಾಯದೆ, ಮಳೆಗಾಲದ ಮುಂಚೆಯೇ ಹೊಸ ಜೋಡಿಗೆ ಹೇಳಿಬಿಡಿ.