‘ಒಳ್ಳೇ ಸೈಫೈ ಹೇಳಿ’ ಅಂದವರಿಗೆ ಯಾವ ಪುಸ್ತಕ ಹೇಳಬೇಕು?

‘ಯಾವುದಾದರೂ ಒಳ್ಳೇ ಸೈಫೈ, ಅಂದರೆ ವೈಜ್ಞಾನಿಕ ಕಾದಂಬರಿ, ಇದ್ದರೆ ಹೇಳಿ’ ಅಂತ ಯಾರಾದರೂ ಕೇಳಿದರೆ ನಾನು ತಕ್ಷಣ ಹೆಸರು ಹೇಳುವುದಿಲ್ಲ. ತಿರುಗಿ ಎರಡು ಪ್ರಶ್ನೆ ಹಾಕುತ್ತೇನೆ. ಈಚೆಗೆ ಪೂರ್ತಿ ಓದಿ ಮುಗಿಸಿದ ಕಾದಂಬರಿ ಯಾವುದು? ಅರ್ಧಕ್ಕೇ ಬಿಟ್ಟದ್ದು ಯಾವುದು, ಯಾಕೆ ಬಿಟ್ಟಿರಿ?

ನನಗೆ ಬೇಕಾದ್ದು ಎರಡನೆಯದರ ಉತ್ತರ. ಇಷ್ಟವಾದ ಪುಸ್ತಕದ ಬಗ್ಗೆ ಕೇಳಿದರೆ ಜನ ‘ಚೆನ್ನಾಗಿತ್ತು’ ಅಂದು ಸುಮ್ಮನಾಗುತ್ತಾರೆ. ಬಿಟ್ಟ ಪುಸ್ತಕದ ಮಾತು ಬಂದರೆ ಮಾತ್ರ ಬಾಯಿ ಬಿಚ್ಚುತ್ತಾರೆ. ಹೆಸರುಗಳೇ ತಲೆಗೆ ಹತ್ತಲಿಲ್ಲ, ಮಧ್ಯೆ ಮಧ್ಯೆ ಪಾಠ ಮಾಡಿದ ಹಾಗಿತ್ತು, ಯಾವ ಪಾತ್ರವೂ ಹತ್ತಿರ ಅನ್ನಿಸಲಿಲ್ಲ. ತಕರಾರು ಈ ಮೂರರಲ್ಲಿ ಯಾವುದು ಅಂತ ಗೊತ್ತಾದರೆ ಪುಸ್ತಕ ಆರಿಸುವುದು ಕಷ್ಟವಲ್ಲ.

ಪ್ರಶಸ್ತಿ ಪಟ್ಟಿಯನ್ನು ಹಾಗೇ ಕಳಿಸಿಬಿಡುವವರಿದ್ದಾರೆ. ಅದು ಬೇಡ. ಸೈಫೈ, ಫ್ಯಾಂಟಸಿಗೆಂದೇ ಇರುವ ಹ್ಯೂಗೋ ಪ್ರಶಸ್ತಿಗೆ ಓಟು ಹಾಕುವವರು ವರ್ಲ್ಡ್‌ಕಾನ್ ಅನ್ನುವ ಅಭಿಮಾನಿಗಳ ಸಮ್ಮೇಳನದ ಸದಸ್ಯರು, ನೆಬ್ಯುಲಾ ಪ್ರಶಸ್ತಿಗೆ ಈ ಬಗೆಯ ಕತೆ ಬರೆಯುವ ಲೇಖಕರೇ. ಇವರೆಲ್ಲ ಸೈಫೈ ಓದಿ ಓದಿ ಪಳಗಿದವರು. ಅವರಿಗೆ ಹೊಸದು ಅನ್ನಿಸುವುದು ಹೊಸಬರಿಗೆ ಗೋಜಲು ಅನ್ನಿಸಬಹುದು. ಆನ್ ಲೆಕಿಯವರ ‘ಆನ್ಸಿಲರಿ ಜಸ್ಟಿಸ್’ 2014ರಲ್ಲಿ ಹ್ಯೂಗೋ, ನೆಬ್ಯುಲಾ, ಆರ್ಥರ್ ಸಿ. ಕ್ಲಾರ್ಕ್ ಮೂರೂ ಪ್ರಶಸ್ತಿಗಳನ್ನು ಗೆದ್ದಿತು. ಅದರಲ್ಲಿ ಕತೆ ಹೇಳುವುದು ಹಿಂದೊಮ್ಮೆ ಬಾಹ್ಯಾಕಾಶದ ಹಡಗಾಗಿದ್ದ ಜೀವ. ಆಗ ಅದಕ್ಕೆ ಎಷ್ಟೋ ಮೈಗಳು. ಹಾಗಾಗಿ ಒಂದೇ ಸನ್ನಿವೇಶವನ್ನು ಹಲವು ಕಡೆ ನಿಂತು ಒಟ್ಟಿಗೇ ನೋಡುತ್ತದೆ. ನನಗೆ ಅದು ಪಂಚಪ್ರಾಣ, ಆದರೂ ಮೊದಲ ಸೈಫೈ ಅಂತ ಯಾರಿಗೂ ಕೊಡುವುದಿಲ್ಲ.

ಮೊದಲ ಸಲ ಓದುವವರಿಗೆ, ಅದರಲ್ಲೂ ‘ಹೆಸರುಗಳು ಜಾಸ್ತಿ’ ಅನ್ನುವವರಿಗೆ, ಆಂಡಿ ವಿಯರ್ ಅವರ ‘ಪ್ರಾಜೆಕ್ಟ್ ಹೇಲ್ ಮೇರಿ’ (2021) ಸರಿ. ಒಬ್ಬ ಎಲ್ಲೋ ಎಚ್ಚರಗೊಳ್ಳುತ್ತಾನೆ. ತನ್ನ ಹೆಸರೂ ನೆನಪಿಲ್ಲ. ಜೊತೆಗಿದ್ದ ಇಬ್ಬರೂ ಸತ್ತಿದ್ದಾರೆ. ಬಿದ್ದ ವಸ್ತು ಯಾಕೋ ಬೇಗ ನೆಲ ಮುಟ್ಟುತ್ತಿದೆ ಅನ್ನಿಸಿ, ಪ್ರನಾಳವನ್ನು ಬೀಳಿಸಿ ಸ್ಟಾಪ್‌ವಾಚ್ ಹಿಡಿದು ಲೆಕ್ಕ ಹಾಕುತ್ತಾನೆ. ಭೂಮಿಯ ಮೇಲಾದರೆ ಬೀಳುವ ವಸ್ತುವಿನ ವೇಗ ಪ್ರತಿ ಸೆಕೆಂಡಿಗೂ ಸೆಕೆಂಡಿಗೆ 9.8 ಮೀಟರ್ ಹೆಚ್ಚಬೇಕಿತ್ತು, ಇಲ್ಲಿ ಹೆಚ್ಚುವುದು 15ರ ಹತ್ತಿರ. ಅಂದರೆ ತಾನು ಭೂಮಿಯ ಮೇಲೇ ಇಲ್ಲ! ಈ ಒಂದು ದೃಶ್ಯವನ್ನು ಹೇಳಿ ಎದುರಿಗಿರುವವರ ಮುಖ ನೋಡಿ. ಕಣ್ಣರಳಿದರೆ ಪುಸ್ತಕ ಅವರದೇ. ಆಕಳಿಸಿದರೆ ಅಲ್ಲಿಗೇ ಬಿಡಿ, ಮುಂದೆಯೂ ಇಂಥ ಲೆಕ್ಕಗಳೇ ಇವೆ.

ಪಾತ್ರ ಹತ್ತಿರ ಅನ್ನಿಸಬೇಕು, ಪುಸ್ತಕವೂ ಸಣ್ಣದಿರಬೇಕು ಅಂದರೆ ಮಾರ್ಥಾ ವೆಲ್ಸ್ ಅವರ ‘ಆಲ್ ಸಿಸ್ಟಮ್ಸ್ ರೆಡ್’ (2017). ಕಾವಲಿಗಿಟ್ಟ ಯಂತ್ರಮಾನವವೊಂದು ತನ್ನನ್ನು ಹಿಡಿತದಲ್ಲಿಟ್ಟಿದ್ದ ವ್ಯವಸ್ಥೆಯನ್ನೇ ಹ್ಯಾಕ್ ಮಾಡಿಕೊಂಡಿದೆ. ಈಗ ಯಾರನ್ನು ಬೇಕಾದರೂ ಕೊಲ್ಲಬಹುದು. ಕೊಲ್ಲುವ ಬದಲು ಕೂತು ಸೀರಿಯಲ್ ನೋಡುತ್ತದೆ. ಇಷ್ಟು ಹೇಳಿದರೆ ಸಾಕು, ಕೇಳಿದವರು ನಗುತ್ತಾರೆ.

‘ಫ್ಯಾಂಟಸಿ ನನಗಾಗಲ್ಲ, ಪತ್ತೇದಾರಿ ಮಾತ್ರ ಓದೋದು’ ಅನ್ನುವವರನ್ನು ಬಿಟ್ಟುಬಿಡಬೇಡಿ. 2025ರ ಹ್ಯೂಗೋ ಗೆದ್ದ ರಾಬರ್ಟ್ ಜಾಕ್ಸನ್ ಬೆನೆಟ್ ಅವರ ‘ದ ಟೇಂಟೆಡ್ ಕಪ್’ ಅವರಿಗೇ ಬರೆದಂತಿದೆ. ಅಧಿಕಾರಿಯೊಬ್ಬನ ಮೈಯೊಳಗಿಂದ ಮರ ಬೆಳೆದು ಅವನು ಸತ್ತಿದ್ದಾನೆ. ಪತ್ತೆ ಮಾಡಬೇಕಾದವಳು ಮನೆ ಬಿಟ್ಟು ಹೊರಗೆ ಬರುವುದೇ ಅಪರೂಪ. ಕಂಡದ್ದನ್ನೆಲ್ಲ ಅಚ್ಚೊತ್ತಿದಂತೆ ನೆನಪಿಡುವ ಸಹಾಯಕ ಅವಳ ಪರವಾಗಿ ಓಡಾಡುತ್ತಾನೆ.

ಕೆಲವನ್ನು ಮಾತ್ರ ಎಚ್ಚರಿಕೆ ಹೇಳಿಯೇ ಕೊಡಬೇಕು. ಎನ್. ಕೆ. ಜೆಮಿಸಿನ್ ಅವರ ‘ದ ಫಿಫ್ತ್ ಸೀಸನ್’ ಮತ್ತು ಅದರ ಮುಂದಿನ ಎರಡು ಭಾಗಗಳು 2016, 2017, 2018ರಲ್ಲಿ ಸಾಲಾಗಿ ಹ್ಯೂಗೋ ಪಡೆದವು. ಶುರುವಿನಲ್ಲೇ ಒಬ್ಬ ತಾಯಿ ತನ್ನ ಪುಟ್ಟ ಮಗನ ಹೆಣದ ಪಕ್ಕ ಕೂತಿದ್ದಾಳೆ. ಕೊಂದವನು ಅವಳ ಗಂಡ. ಇದು ಗುಟ್ಟಲ್ಲ, ಮೊದಲೇ ಬರುವ ವಿಷಯ. ಹೇಳದೆ ಕೊಟ್ಟರೆ ಅದು ಅನ್ಯಾಯ. ಮೂರೂ ಸೇರಿ ಒಂದೇ ಕತೆ ಅನ್ನುವುದನ್ನೂ ಹೇಳಿ. ಲಿಯು ಸಿಶಿನ್ ಅವರ ‘ದ ಥ್ರೀ-ಬಾಡಿ ಪ್ರಾಬ್ಲಮ್’ ಇಂಗ್ಲಿಷ್ ಅನುವಾದ ಕೂಡ ಹೀಗೇ, ಚೀನಾದ ಸಾಂಸ್ಕೃತಿಕ ಕ್ರಾಂತಿಯ ಕ್ರೌರ್ಯದಿಂದ ಶುರುವಾಗುತ್ತದೆ. ಕಲ್ಪನೆ ಆಕಾಶದಷ್ಟು, ಪಾತ್ರಗಳು ತುಸು ಪೇಲವ. ಏಡ್ರಿಯನ್ ಚೈಕೋವ್ಸ್ಕಿಯವರ ‘ಚಿಲ್ಡ್ರನ್ ಆಫ್ ಟೈಮ್’ ಕೊಡುವ ಮುಂಚೆ ಜೇಡ ಕಂಡರೆ ಭಯವೇ ಅಂತ ಕೇಳಿ. ಅದರಲ್ಲಿ ನಾಗರಿಕತೆ ಕಟ್ಟುವುದೇ ಜೇಡಗಳು!

ಸುಸಾನಾ ಕ್ಲಾರ್ಕ್ ಅವರ ‘ಪಿರನೇಸಿ’ (2020) ಮಾತ್ರ ಇದಕ್ಕೆ ತದ್ವಿರುದ್ಧ. ಮುಗಿಯದ ಮನೆ, ಸಾಲುಸಾಲು ಪ್ರತಿಮೆಗಳು, ಒಳಗೇ ಉಕ್ಕುವ ಸಮುದ್ರ, ದಿನಚರಿ ಬರೆಯುವ ಒಬ್ಬ ಮನುಷ್ಯ. ಇದಕ್ಕಿಂತ ಜಾಸ್ತಿ ಒಂದಕ್ಷರವನ್ನೂ ಹೇಳಬೇಡಿ. ದಯವಿಟ್ಟು.

ಹೇಳುವ ಮಾತು ಚಿಕ್ಕದಾಗಿರಲಿ. ಗೆಳತಿಯೊಬ್ಬಳಿಗೆ ನಾನು ಕಳಿಸಿದ್ದು ಇಷ್ಟೇ: ‘ಫಿಫ್ತ್ ಸೀಸನ್ ಓದು. ಶುರುವಿನಲ್ಲಿ ಮಗುವಿನ ಸಾವಿದೆ, ಮನಸ್ಸು ಸರಿ ಇಲ್ಲದಾಗ ತೆಗೀಬೇಡ. ಯಾರು ಏನು ಅಂತ ಮೊದಮೊದಲು ಗೊತ್ತಾಗಲ್ಲ, ಅದು ಬೇಕಂತಲೇ ಹಾಗಿರೋದು. ನೂರು ಪುಟ ನೋಡು, ಆಮೇಲೂ ಹಿಡಿಸದಿದ್ದರೆ ಬಿಟ್ಟುಬಿಡು.’ ಒಂದು ಸಲಕ್ಕೆ ಒಂದೇ ಪುಸ್ತಕ. ಐದು ಹೆಸರು ಕೊಟ್ಟರೆ ಒಂದನ್ನೂ ಓದುವುದಿಲ್ಲ, ಗೊತ್ತಲ್ವಾ?

ಆಮೇಲೆ ‘ಓದಿದ್ರಾ, ಓದಿದ್ರಾ’ ಅಂತ ಬೆನ್ನು ಹತ್ತಬೇಡಿ. ಅವರಾಗೇ ಬಿಟ್ಟೆ ಅಂದರೆ ಎಲ್ಲಿ ನಿಲ್ಲಿಸಿದರು ಅಂತ ಕೇಳಿ, ಮುಂದಿನ ಪುಸ್ತಕ ಆರಿಸಲು ಅದೇ ಸುಳಿವು. ಇಷ್ಟವಾಯಿತು ಅಂದರೆ ಕೆಲಸ ಇನ್ನೂ ಸುಲಭ. ‘ಟೇಂಟೆಡ್ ಕಪ್’ ಮುಗಿಸಿದವರಿಗೆ ‘ಎ ಡ್ರಾಪ್ ಆಫ್ ಕರಪ್ಷನ್’ ಇದೆ, ಅದೇ ಜೋಡಿಯ ಇನ್ನೊಂದು ಕೇಸು.