ಬರ್ಲಿನ್‌ನಲ್ಲಿ ದಾಯಾದಿ ಜಗಳದ ಮನೆ ಕೊಂಡೆ: ನನ್ನ ಅನುಭವ

ಬರ್ಲಿನ್‌ನಲ್ಲಿ ಮನೆ ಕೊಳ್ಳಲು ಭಾರತದ ಪಾಸ್‌ಪೋರ್ಟ್ ಅಡ್ಡಿಯಲ್ಲ, ಅಡ್ಡಿ ಮೇಲುಖರ್ಚು. 3 ಲಕ್ಷ ಯೂರೊ ಮನೆಗೆ ಖರೀದಿ ತೆರಿಗೆಯೇ ಶೇ 6. ನೋಟರಿ, ನೋಂದಣಿ ಸೇರಿ ಶೇ 2ರ ಆಸುಪಾಸು, ಮಾಕ್ಲರ್‌ಗೆ, ಅಂದರೆ ಮನೆ ದಲ್ಲಾಳಿಗೆ, ಶೇ 3.57. ಲೆಕ್ಕ ಹಾಕಿದರೆ ಮೂವತ್ತೈದು ಸಾವಿರ. ಬ್ಯಾಂಕುಗಳು ಸಾಮಾನ್ಯವಾಗಿ ಇದಕ್ಕೆ ಸಾಲ ಕೊಡುವುದಿಲ್ಲ, ಕೈಯಿಂದಲೇ ಹಾಕಬೇಕು.

ಆದ್ದರಿಂದ ನಾನು ನ್ಯಾಯಾಲಯದ ಹರಾಜಿನತ್ತ ಹೊರಳಿದೆ. ಅಲ್ಲಿ ಮಾಕ್ಲರ್ ಇಲ್ಲ, ಖರೀದಿ ಪತ್ರಕ್ಕೆ ನೋಟರಿಯೂ ಇಲ್ಲ. ತೆರಿಗೆ ಮಾತ್ರ ತಪ್ಪದು. ಇಲ್ಲಿನ ಕನ್ನಡ ಗೆಳೆಯರೆಲ್ಲ ಮೂಗು ಮುರಿದರು: ಒಳಗೆ ಕಾಲಿಡದೆ ಮನೆ ಕೊಳ್ಳುವುದು ಹುಚ್ಚುತನವಂತೆ. ಮೈಸೂರಿನಿಂದ ಅಪ್ಪನದು ಬೇರೆಯೇ ತಕರಾರು. “ಹರಾಜಿನ ಮನೆ ಬೇಡಪ್ಪ, ಯಾರದೋ ಕಣ್ಣೀರು ಇರುತ್ತದೆ” ಎಂದರು. ಆ ಮಾತೇ ನನಗೆ ದಾರಿ ತೋರಿಸಿತು. ಸಾಲಗಾರನ ಮನೆಗಳನ್ನು ಬಿಟ್ಟು, ಅಣ್ಣತಮ್ಮಂದಿರ ಪಾಲಿನ ಜಗಳಕ್ಕೆ ಹರಾಜಾಗುವ ಮನೆಗಳನ್ನಷ್ಟೇ ಹಿಡಿದೆ. ತಾಯಿ ತೀರಿಕೊಂಡಿರುತ್ತಾಳೆ, ಮಕ್ಕಳಿಗೆ ಒಬ್ಬರ ಮುಖ ಒಬ್ಬರಿಗೆ ಆಗುವುದಿಲ್ಲ, ಮನೆ ಖಾಲಿ ಬಿದ್ದಿರುತ್ತದೆ. ಬಾಡಿಗೆದಾರನನ್ನು ಎಬ್ಬಿಸುವ ತಲೆನೋವಿಲ್ಲ.

ಇದರಲ್ಲೂ ಒಂದು ಗುಂಡಿ ಇದೆ. ಸಾಲಗಾರನ ಮನೆಯಾದರೆ ಹರಾಜು ಹಾಕಿಸಿದ ಬ್ಯಾಂಕಿನ ಅಡಮಾನ ಅಲ್ಲಿಗೇ ಅಳಿದುಹೋಗುತ್ತದೆ. ಪಾಲಿನ ಹರಾಜಿನಲ್ಲಿ ಇಡೀ ಮನೆಯ ಮೇಲಿರುವ ಅಡಮಾನ ಅನೇಕ ವೇಳೆ ಹಾಗೆಯೇ ಉಳಿಯುತ್ತದೆ. ಕೂಗಿದ ಬೆಲೆಯ ಮೇಲೆ ಅದನ್ನೂ ಹೊರಬೇಕು. ಒಮ್ಮೆ ನನ್ನ ಮುಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬರು ಅಗ್ಗದಲ್ಲಿ ಸಿಕ್ಕಿತೆಂದು ಹೆಂಡತಿಯ ಕೈ ಕುಲುಕಿದರು. ಆರಂಭದಲ್ಲೇ ಅಧಿಕಾರಿ ಓದಿ ಹೇಳಿದ್ದ ಅರವತ್ತು ಸಾವಿರದ ಅಡಮಾನ ಅವರ ಕಿವಿಗೆ ಬಿದ್ದೇ ಇರಲಿಲ್ಲ. ಗ್ರುಂಡ್‌ಬುಖ್‌ನ (ಆಸ್ತಿ ನೋಂದಣಿ ಪುಸ್ತಕ) ಮೂರನೆಯ ವಿಭಾಗ, ಅಂದರೆ ಅಡಮಾನ ಬರೆಯುವ ಭಾಗ, ಖಾಲಿ ಇದ್ದರೆ ಮಾತ್ರ ನಾನು ಬೆಲೆ ಕೂಗುತ್ತಿದ್ದೆ.

ಸೋಲುಗಳಿಗೇನೂ ಕೊರತೆಯಿರಲಿಲ್ಲ. ರಜೆ ಹಾಕಿ ಹೋದರೆ ಬಾಗಿಲ ಮೇಲೆ ‘ರದ್ದು’ ಎಂಬ ಚೀಟಿ. ಕೊನೆಯ ಗಳಿಗೆಯಲ್ಲಿ ಮಕ್ಕಳು ರಾಜಿಯಾಗಿರುತ್ತಿದ್ದರು. ಇನ್ನು ಕೆಲವು ಕಡೆ ಒಡಹುಟ್ಟಿದವರೇ ಹಟಕ್ಕೆ ಬಿದ್ದು ಬೆಲೆ ಏರಿಸಿದರು. ಹಟಕ್ಕೆ ಕೂಗುವವರ ಎದುರು ನಿಲ್ಲಬಾರದು, ಎದ್ದು ಬರಬೇಕು. ನಡುವೆ ಫ್ರೀಡ್ರಿಖ್ಸ್‌ಹೈನ್‌ನ ಅಂಚೆ ಡಬ್ಬಗಳಿಗೆ ‘ಮನೆ ಮಾರುವಿರಾ’ ಎಂದು ನೂರಾರು ಪತ್ರಗಳನ್ನೂ ಹಾಕಿ ನೋಡಿದೆ. ಎರಡೋ ಮೂರೋ ಉತ್ತರ ಬಂದವು, ಒಂದು ಮಾಕ್ಲರ್‌ನದೇ!

ಹಣದ ವಿಷಯಕ್ಕೆ ಬರೋಣ. ನ್ಯಾಯಾಲಯ ನಿಗದಿ ಮಾಡಿದ ಮೌಲ್ಯದ ಶೇ 10ರಷ್ಟು ಭದ್ರತೆ ಬೇಕು. ನಗದು ನಡೆಯುವುದಿಲ್ಲ, ಬ್ಯಾಂಕ್ ಚೆಕ್ ಅಥವಾ ಮುಂಚೆಯೇ ವರ್ಗಾವಣೆ. ಅದಕ್ಕೆ ಅಪ್ಪ 2024ರಲ್ಲಿ ಇಪ್ಪತ್ತೈದು ಲಕ್ಷ ರೂಪಾಯಿ ಕಳುಹಿಸಿದರು. ಆಗಿನ ನಿಯಮದಂತೆ 7 ಲಕ್ಷದ ಮೇಲಿನ ಮೊತ್ತಕ್ಕೆ ಶೇ 20ರಷ್ಟು ಟಿಸಿಎಸ್ (ವಿದೇಶಕ್ಕೆ ಹಣ ಕಳುಹಿಸುವಾಗ ಮುಂಗಡವಾಗಿ ಹಿಡಿಯುವ ತೆರಿಗೆ), ಅಂದರೆ 3.6 ಲಕ್ಷವನ್ನು ಅವರ ಬ್ಯಾಂಕು ಹಿಡಿದುಕೊಂಡಿತು. ರಿಟರ್ನ್ ಸಲ್ಲಿಸಿದ ಮೇಲೆ ವಾಪಸಾಯಿತು, ಆದರೆ ಅಲ್ಲಿಯವರೆಗೆ ಅಪ್ಪನ ಗೊಣಗಾಟ ಕೇಳಬೇಕಾಯಿತು. ಜರ್ಮನಿಯಲ್ಲಿ ತಂದೆ ಮಗನಿಗೆ ಕೊಡುವ ಉಡುಗೊರೆಗೆ 10 ವರ್ಷಕ್ಕೆ 4 ಲಕ್ಷ ಯೂರೊವರೆಗೆ ತೆರಿಗೆ ಇಲ್ಲ. ಮಾವ ಕೊಟ್ಟರೆ ಬರೀ 20 ಸಾವಿರ! ಹೆಂಡತಿಯ ಮನೆಯವರ ಹಣವಾದರೆ ಹೆಂಡತಿಯ ಖಾತೆಗೇ ಬರಲಿ.

ನನ್ನ ಬ್ಲೂ ಕಾರ್ಡ್ (ನುರಿತ ವಿದೇಶಿ ಉದ್ಯೋಗಿಗಳಿಗೆ ಕೊಡುವ ತಾತ್ಕಾಲಿಕ ವಾಸದ ಪರವಾನಗಿ) ನೋಡಿ ಒಂದು ದೊಡ್ಡ ಬ್ಯಾಂಕು ಮುಖ ತಿರುಗಿಸಿತು. ಇನ್ನೊಂದಕ್ಕೆ ‘ಹರಾಜಿನಲ್ಲಿ ಗೆದ್ದರೆ ಮಾತ್ರ ಸಾಲ’ ಎಂಬುದೇ ಅರ್ಥವಾಗಲಿಲ್ಲ. ಒಪ್ಪಿದ ಬ್ಯಾಂಕಿನ ಹೆಸರನ್ನು ಇಲ್ಲಿ ಹೇಳುವುದಿಲ್ಲ, ಅಷ್ಟು ಗುಟ್ಟು ನನ್ನಲ್ಲಿರಲಿ. ಸಾಲದ ಅಡಮಾನಕ್ಕೆ ಮಾತ್ರ ನೋಟರಿ ಬೇಕೇ ಬೇಕು. ಆ ಸಮಯವನ್ನು ಮುಂಚೆಯೇ ಗೊತ್ತು ಮಾಡಿಕೊಳ್ಳಿ, ಏಕೆಂದರೆ ಗೆದ್ದ ದಿನದಿಂದ ಹಣ ಕಟ್ಟುವವರೆಗೆ ಶೇ 4 ಬಡ್ಡಿ ಓಡುತ್ತಿರುತ್ತದೆ.

ಗೆದ್ದ ಮನೆ ಲಿಖ್ಟನ್‌ಬೆರ್ಗ್‌ನದು, ಅರವತ್ತು ಚಿಲ್ಲರೆ ಚದರ ಮೀಟರ್, ಮೌಲ್ಯ 2 ಲಕ್ಷ 60 ಸಾವಿರ ಯೂರೊ. ಮೌಲ್ಯಮಾಪನ ವರದಿಯ ಫೋಟೊದಲ್ಲಿ ಬಚ್ಚಲಿನ ಚಾವಣಿಯ ಮೇಲೆ ತಟ್ಟೆಯಗಲದ ಕಂದು ಕಲೆ. ಬೇರೆಯವರು ಅದನ್ನು ನೋಡಿ ಹಿಂದೆ ಸರಿದಿರಬೇಕು. ನಾನು ಶನಿವಾರ ಬೆಳಿಗ್ಗೆ ಅಂಗಳದಲ್ಲಿ ಕಾದು ನಿಂತು, ಕಸ ಹಾಕಲು ಇಳಿದು ಬಂದ ಮೇಲಿನ ಮನೆಯ ಅಜ್ಜಿಯನ್ನು ಮಾತಿಗೆಳೆದೆ. ಕೊಳವೆ ಒಡೆದಿದ್ದು ನಿಜ, ಆಮೇಲೆ ಮೇಲಿನಿಂದ ಕೆಳಗಿನವರೆಗೆ ಎಲ್ಲವನ್ನೂ ಬದಲಿಸಿದ್ದಾರೆ ಎಂದರು. ಕಲೆಯ ಬೆಲೆ ಅಲ್ಲಿಗೆ ಒಂದು ಡಬ್ಬ ಬಣ್ಣಕ್ಕೆ ಇಳಿಯಿತು.

ಹರಾಜಿಗೆ ಕನಿಷ್ಠ 30 ನಿಮಿಷ ಕೊಡಲೇಬೇಕು. ಮೊದಲ ಇಪ್ಪತ್ತು ನಿಮಿಷ ಯಾರೂ ತುಟಿ ಬಿಚ್ಚುವುದಿಲ್ಲ, ಬಾಯಿ ತೆರೆದವನು ಹೊಸಬನೆಂದು ತಿಳಿಯಿರಿ. ಯಾವಾಗ, ಎಷ್ಟೆಷ್ಟು ಏರಿಸಬೇಕು ಎಂಬುದಕ್ಕೆ ನನ್ನದೇ ಲೆಕ್ಕವಿದೆ, ಅದನ್ನು ಕೇಳಬೇಡಿ. 2 ಲಕ್ಷ 31 ಸಾವಿರಕ್ಕೆ ಅಧಿಕಾರಿ ಮೂರು ಸಲ ಕೂಗಿದರು, ಎದುರು ದನಿ ಬರಲಿಲ್ಲ. ತೀರ್ಪು ಓದಿದ ಆ ಕ್ಷಣವೇ ಮನೆ ನನ್ನದು. ತೆರಿಗೆ ಕಟ್ಟಿ ಗ್ರುಂಡ್‌ಬುಖ್‌ನಲ್ಲಿ ಹೆಸರು ಬರುವುದು ನಿಧಾನ.

ಒಳಗೆ ಹೋದರೆ ವೈರಿಂಗ್ ಪೂರ್ತಿ ಹಳೆಯದು, ನೆಲಮಾಳಿಗೆಯಲ್ಲಿ ಯಾರೂ ಒಯ್ಯದ ಎರಡು ಹೊಲಿಗೆ ಯಂತ್ರಗಳು. ದುರಸ್ತಿಗೆ ಹದಿನೆಂಟು ಸಾವಿರದ ಹತ್ತಿರ ಆಯಿತು. ಈಗ ಕಂತು ಎಂಟು ನೂರು ಚಿಲ್ಲರೆ, ನಿರ್ವಹಣೆಗೆ ಇನ್ನೂರೆಂಬತ್ತು. ಮೊದಲು ಬಾಡಿಗೆಗೇ ಸಾವಿರದ ಇನ್ನೂರೈವತ್ತು ಹೋಗುತ್ತಿತ್ತು.